ಕಾಡಂಚಿನ ಹೊಲದ ಕಾವಲು: ಬೇಲಿ, ಬೆಂಕಿ, ಬಂದೂಕು

ಕಾಡಂಚಿನ ಹೊಲದ ಕಾವಲು ಬೇಲಿ, ಅಟ್ಟಣೆ, ಬೆಂಕಿ, ಬಂದೂಕು ಎಂಬ ನಾಲ್ಕರ ಮೇಲೆ ನಿಂತಿದೆ. ಹನೂರು ತಾಲ್ಲೂಕಿನ ಅಜ್ಜೀಪುರ, ರಾಮಾಪುರ, ಕೌದಳ್ಳಿ, ಲೊಕ್ಕನಹಳ್ಳಿ ಕಡೆಯ ರೈತರಿಗೆ ಈ ನಾಲ್ಕೂ ನೇಗಿಲು, ಕುಡುಗೋಲಿನಷ್ಟೇ ದಿನಬಳಕೆಯವು. ಒಂದು ಮಗ್ಗುಲಿಗೆ 2011ರಲ್ಲಿ ಹುಲಿ ಮೀಸಲು ಎನಿಸಿಕೊಂಡ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಮಗ್ಗುಲಿಗೆ 2013ರಲ್ಲಿ ವನ್ಯಧಾಮವಾದ ಮಲೆ ಮಹದೇಶ್ವರ ಬೆಟ್ಟ, ಅದಕ್ಕೆ ಹೊಂದಿಕೊಂಡು ಕಾವೇರಿ ವನ್ಯಧಾಮ. ಇವುಗಳ ನಡುವಿನ ತೆರಪಿನಲ್ಲಿ ರಾಗಿ, ಮುಸುಕಿನ ಜೋಳ, ಹುರುಳಿ. ಬೋರ್‌ವೆಲ್ ಇದ್ದ ಕಡೆ ಬಾಳೆ, ಕಬ್ಬು, ಅರಿಶಿನ. ಉಡುತೊರೆ ಹಳ್ಳದ ಜಲಾಶಯದಂಥ ನೀರಿನ ತಾವು ದನವನ್ನೂ ಕಾಡುಪ್ರಾಣಿಯನ್ನೂ ಒಂದೇ ದಡಕ್ಕೆ ಕರೆಯುತ್ತದೆ. ಇಂಥ ಕಡೆ ಸಾಮಾನು ತಂದು ನಿಲ್ಲಿಸಿದ ಮಾತ್ರಕ್ಕೆ ಕಾವಲಾಗುವುದಿಲ್ಲ. ಬೇಲಿ ಕೆಟ್ಟದ್ದು ಸಂಜೆಗೇ ತಿಳಿಯಬೇಕು, ಆನೆ ಬಂದದ್ದು ಅದು ಇನ್ನೂ ದೂರದಲ್ಲಿರುವಾಗಲೇ ತಿಳಿಯಬೇಕು. ಉಪಕರಣಗಳ ಆಯ್ಕೆ, ಬಳಕೆ, ಆರೈಕೆ ಎಲ್ಲವೂ ಈ ಎರಡು ಅರಿವಿಗಾಗಿ.

ಬರುವವರು ಯಾರು ಎಂಬುದು ಮೊದಲ ಪ್ರಶ್ನೆ. 1980ರ ದಶಕದ ಆರಂಭದಲ್ಲಿ ರಾಮನ್ ಸುಕುಮಾರ್ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಬೆನ್ನು ಹತ್ತಿ ಅಧ್ಯಯನ ಮಾಡಿದರು. ಬೆಳೆದ ಗಂಡಾನೆಯೊಂದು ವರ್ಷದಲ್ಲಿ ಸರಾಸರಿ 49 ರಾತ್ರಿ ಹೊಲಕ್ಕೆ ಇಳಿಯುತ್ತದೆ, ಹೆಣ್ಣಾನೆಗಳ ಹಿಂಡು ಇಳಿಯುವುದು 8 ರಾತ್ರಿ ಎಂದು ಅವರ ಲೆಕ್ಕ ಹೇಳಿತು. ಕಾಡಿನ ಹುಲ್ಲಿಗಿಂತ ರಾಗಿ, ಭತ್ತದಂಥ ಪೈರಿನಲ್ಲಿ ಪ್ರೋಟೀನು, ಸುಣ್ಣದಂಶ, ಉಪ್ಪಿನಂಶ ಹೆಚ್ಚು. ಪೈರು ಹೂವಾಗಿ ತೆನೆ ಕಟ್ಟುವ ಹೊತ್ತಿಗೆ ಆನೆ ಬರುವುದಕ್ಕೆ ಇದೂ ಒಂದು ಕಾರಣ. ಕಾಡಿನಲ್ಲಿ ಮೇವು ಇಲ್ಲದ್ದರಿಂದಲೇ ಆನೆ ಬರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಮಳೆ ಚೆನ್ನಾಗಿ ಆಗಿ ಕಾಡು ಹಸಿರಾಗಿದ್ದ ವರ್ಷದಲ್ಲೂ ತೆನೆಯ ವಾಸನೆಗೆ ಒಂಟಿ ಸಲಗ ಬಂದೇ ಬರುತ್ತದೆ. ಆದ್ದರಿಂದ ವರ್ಷವಿಡೀ ಒಂದೇ ಹದದ ಕಾವಲು ಹಾಕಿ ಮನೆಮಂದಿ ಬಳಲುವುದಕ್ಕಿಂತ, ತೆನೆ ಕಟ್ಟಿದಂದಿನಿಂದ ಒಕ್ಕಣೆಯವರೆಗಿನ ವಾರಗಳಿಗೆ ಆಳು, ಬ್ಯಾಟರಿ, ಸೌದೆಗಳನ್ನು ಉಳಿಸಿಕೊಳ್ಳುವುದು ಲೇಸು. ಕಾಡುಹಂದಿಯ ಲೆಕ್ಕ ಬೇರೆ. ಅದು ಬಿತ್ತಿದ ಬೀಜದಿಂದ ಗೆಡ್ಡೆಯವರೆಗೆ ಯಾವಾಗ ಬೇಕಾದರೂ ಬರುತ್ತದೆ, ನೆಲಕ್ಕೆ ಮೂತಿ ಹಚ್ಚಿ ಬರುತ್ತದೆ. ಚಿರತೆಗೆ ಬೇಕಾದದ್ದು ಕೊಟ್ಟಿಗೆಯಲ್ಲಿದೆ.

ಸೋಲಾರ್ ಬೇಲಿ ಈಗ ಊರೂರಲ್ಲೂ ಕಾಣುತ್ತದೆ. ಆದರೆ ಅದು ಕೆಲಸ ಮಾಡುವ ಬಗೆಯನ್ನು ಅರಿತವರು ಕಡಿಮೆ. ಬಿಸಿಲಿನ ಪಲಕ 12 ವೋಲ್ಟಿನ ಬ್ಯಾಟರಿಯನ್ನು ತುಂಬಿಸುತ್ತದೆ. ಎನರ್ಜೈಸರ್ ಎಂಬ ಪೆಟ್ಟಿಗೆ ಆ ವಿದ್ಯುತ್ತನ್ನು ಕೂಡಿಟ್ಟು ಸುಮಾರು ಸೆಕೆಂಡಿಗೊಂದರಂತೆ ಸಾವಿರಾರು ವೋಲ್ಟಿನ ಮಿಡಿತವಾಗಿ ತಂತಿಗೆ ಬಿಡುತ್ತದೆ. ಒಂದೊಂದು ಮಿಡಿತವೂ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಮುಗಿಯುತ್ತದೆ. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಒಂದು ಮಿಡಿತದ ಶಕ್ತಿ 5 ಜೂಲ್ ದಾಟಬಾರದು. ಹೊಡೆತ ನೋವು ಕೊಡುತ್ತದೆ, ಹೆದರಿಸುತ್ತದೆ, ಮುಂದಿನ ಮಿಡಿತ ಬರುವ ಮೊದಲು ಬಿಡಿಸಿಕೊಳ್ಳಲು ಬಿಡುವು ಕೊಡುತ್ತದೆ. ಪ್ರಾಣ ಉಳಿಸುವುದು ಆ ಬಿಡುವೇ.

ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಎಳೆದ ತಂತಿಯಲ್ಲಿ ಆ ಬಿಡುವು ಇಲ್ಲ. 230 ವೋಲ್ಟಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತದಂತೆ ಹರಿಯುತ್ತಲೇ ಇರುತ್ತದೆ. ಸುಮಾರು 10 ಮಿಲಿ ಆಂಪಿಯರಿನಷ್ಟು ಕರೆಂಟು ಹರಿದರೆ ಸ್ನಾಯು ಬಿಗಿದು ಹಿಡಿದ ಕೈ ಬಿಡಲಾಗದು. 100 ಮಿಲಿ ಆಂಪಿಯರ್ ಒಂದೆರಡು ಸೆಕೆಂಡು ಎದೆಯ ಮೂಲಕ ಹಾದರೆ ಹೃದಯದ ಬಡಿತ ತಾಳ ತಪ್ಪಿ ನಿಂತುಹೋಗಬಹುದು. ಹಂದಿಗೆಂದು ಹಾಕಿದ ಇಂಥ ತಂತಿ ಮೊದಲು ಬಲಿ ತೆಗೆದುಕೊಳ್ಳುವುದು ಬಹಳ ಸಲ ಹಾಕಿದವನ ಮನೆಯವರನ್ನೇ. ನಸುಕಿನಲ್ಲಿ ಸ್ವಿಚ್ಚು ತೆಗೆಯಲು ಮರೆತ ದಿನ ಹುಲ್ಲು ಕೊಯ್ಯಲು ಹೋದ ಹೆಂಡತಿ, ಮೋಟಾರು ಹಾಕಲು ಹೋದ ಮಗ, ಹಗ್ಗ ಬಿಚ್ಚಿಕೊಂಡು ಹೋದ ಎತ್ತು. ವಿದ್ಯುತ್ ಕಾಯ್ದೆ 2003ರ 135ನೇ ಸೆಕ್ಷನ್ನಿನಡಿ ಇದು ವಿದ್ಯುತ್ ಕಳವು. ಆನೆ ಸತ್ತರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 3ರಿಂದ 7 ವರ್ಷದ ಸೆರೆವಾಸ. ಮನುಷ್ಯ ಸತ್ತರೆ ಅದು ಇನ್ನೂ ದೊಡ್ಡ ಅಪರಾಧ. ಹೊಲದಲ್ಲಿ ಇಂಥ ತಂತಿ ಇದ್ದರೆ ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ಅದನ್ನು ಕಿತ್ತು ಬಂದು ಮುಂದೆ ಓದಬೇಕು. ಯಾರಾದರೂ ತಂತಿಗೆ ಸಿಕ್ಕಿದ್ದು ಕಂಡರೆ ಕೈ ಹಿಡಿದು ಎಳೆಯಬಾರದು, ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಅದು ದೂರವಿದ್ದರೆ ಒಣಗಿದ ಉದ್ದನೆಯ ಕೋಲಿನಿಂದ ತಂತಿಯನ್ನು ಸರಿಸಬೇಕು, ಒದ್ದೆ ನೆಲದಲ್ಲಿ ನಿಂತು ಆ ಕೆಲಸ ಮಾಡಬಾರದು. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಎದೆಯ ನಡುವೆ ಎರಡೂ ಅಂಗೈಯಿಂದ ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಒತ್ತುತ್ತಿರಬೇಕು. ಕಂಬದಿಂದ ಕಡಿದು ಬಿದ್ದ ಲೈನು ಕಂಡರೆ ವಿದ್ಯುತ್ ನಿಗಮದ 1912ಕ್ಕೆ ತಿಳಿಸಬೇಕು.

ಸರಿಯಾದ ಸೋಲಾರ್ ಬೇಲಿಯೂ ಆರೈಕೆ ಇಲ್ಲದಿದ್ದರೆ ಬಟ್ಟೆ ಒಣಗಿಸುವ ತಂತಿಯಾಗುತ್ತದೆ. ಹನೂರು ಸೀಮೆಯಲ್ಲಿ ಅದರ ದೊಡ್ಡ ಶತ್ರು ಒಣನೆಲ. ಪ್ರಾಣಿಗೆ ಹೊಡೆತ ತಾಗಬೇಕಾದರೆ ಮಿಡಿತ ತಂತಿಯಿಂದ ಅದರ ಮೈಗೆ, ಮೈಯಿಂದ ನೆಲಕ್ಕೆ, ನೆಲದ ಮೂಲಕ ಅರ್ತಿಂಗ್ ಸರಳಿಗೆ ಹರಿದು ಪೆಟ್ಟಿಗೆಗೆ ಮರಳಬೇಕು. ಗರಸು ನೆಲ ಬೇಸಿಗೆಯಲ್ಲಿ ಒಣಗಿದಾಗ ಈ ದಾರಿ ಕಡಿದುಹೋಗುತ್ತದೆ, ಬೇಲಿ ಸತ್ತಂತೆ. ಒಂದೇ ಸರಳು ಹೂತು ಬಿಡುವುದು ಸಾಮಾನ್ಯ ತಪ್ಪು. ಕನಿಷ್ಠ ಮೂರು ಸರಳುಗಳನ್ನು ಐದಾರು ಅಡಿ ಆಳಕ್ಕೆ, ಒಂದರಿಂದೊಂದು ಹತ್ತಡಿ ದೂರದಲ್ಲಿ ಹೂತು ಜೋಡಿಸಬೇಕು. ಬೇಸಿಗೆಯಲ್ಲಿ ಅಲ್ಲಿಗೆ ವಾರಕ್ಕೆರಡು ಕೊಡ ನೀರು ಹಾಕಬೇಕು. ಬಚ್ಚಲ ನೀರು ಹರಿಯುವ ಜಾಗ ಇದಕ್ಕೆ ಒಳ್ಳೆಯದು. ನೆಲ ತೀರ ಒಣಗಿದ ಕಡೆ ಜೀವಂತ ತಂತಿಗಳ ನಡುವೆ ಒಂದು ಅರ್ತಿಂಗ್ ತಂತಿಯನ್ನೂ ಎಳೆದರೆ ಎರಡಕ್ಕೂ ಮೈ ತಾಗಿದ ಪ್ರಾಣಿಗೆ ನೆಲದ ಹಂಗಿಲ್ಲದೆಯೇ ಹೊಡೆತ ಬೀಳುತ್ತದೆ.

ಎರಡನೆಯ ಶತ್ರು ಹುಲ್ಲು, ಲಂಟಾನ. ಈ ಬೆಟ್ಟಗಳಲ್ಲಿ ಲಂಟಾನ ಹಬ್ಬಿದ ಪರಿ ಎಲ್ಲರಿಗೂ ಗೊತ್ತು. ಒಂದು ಹಸಿ ಕೊಂಬೆ ತಂತಿಗೆ ಒರಗಿದರೆ ಸಾಕು, ಇಡೀ ಬೇಲಿಯ ಬಲ ಅಲ್ಲಿಂದ ನೆಲಕ್ಕೆ ಸೋರುತ್ತದೆ. ಕತ್ತಲಾದ ಮೇಲೆ ಬೇಲಿಯುದ್ದಕ್ಕೂ ನಡೆದರೆ ಸೋರುವ ಕಡೆ ಟಿಕ್ ಟಿಕ್ ಸದ್ದು ಕೇಳುತ್ತದೆ, ಕೆಲವೊಮ್ಮೆ ಕಿಡಿಯೂ ಕಾಣುತ್ತದೆ. ಆದರೆ ರಾತ್ರಿ ನಡೆಯುವುದು ಅಪಾಯವಾದ್ದರಿಂದ ಬೆಳಕಿರುವಾಗಲೇ ಬೇಲಿ ಅಳೆಯುವ ಟೆಸ್ಟರ್ ಹಿಡಿದು ನಾಲ್ಕೂ ಮೂಲೆಯಲ್ಲಿ ನೋಡುವುದು ಒಳ್ಳೆಯ ರೂಢಿ. 4,000 ವೋಲ್ಟಿಗಿಂತ ಕೆಳಗಿದ್ದರೆ ದಪ್ಪ ಚರ್ಮದ ಪ್ರಾಣಿ ಲೆಕ್ಕಿಸುವುದಿಲ್ಲ. ತಂತಿಗಳ ಎತ್ತರವನ್ನೂ ಬರುವ ಪ್ರಾಣಿಗೆ ತಕ್ಕಂತೆ ಕಟ್ಟಬೇಕು: ಹಂದಿಗೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಂದು, ಮೊಣಕಾಲ ಮಟ್ಟಕ್ಕೆ ಇನ್ನೊಂದು, ಆನೆಗೆ ಎದೆಮಟ್ಟದಿಂದ ಆಳೆತ್ತರ ದಾಟುವವರೆಗೆ. ಕೆಳಗಿನ ತಂತಿಗೆ ಹುಲ್ಲು ಬೇಗ ತಾಗುವುದರಿಂದ ಅದಕ್ಕೆ ಪ್ರತ್ಯೇಕ ಸ್ವಿಚ್ ಇಟ್ಟರೆ ಮಳೆಗಾಲದಲ್ಲಿ ಅದೊಂದನ್ನೇ ಬಿಡಿಸಬಹುದು. ಮುಳ್ಳುತಂತಿಗೆ ವಿದ್ಯುತ್ ಹಾಯಿಸಲೇಬಾರದು, ಬಟ್ಟೆ ಸಿಕ್ಕಿಕೊಂಡವರಿಗೆ ಬಿಡಿಸಿಕೊಳ್ಳಲಾಗದು. ಒಂದೇ ಬೇಲಿಗೆ ಎರಡು ಎನರ್ಜೈಸರ್ ಕೂಡಿಸಬಾರದು, ಮಿಡಿತಗಳ ನಡುವಿನ ಬಿಡುವು ಅಳಿಸಿಹೋಗುತ್ತದೆ. ದಾರಿಯ ಕಡೆಗೆ ಎಚ್ಚರಿಕೆಯ ಹಲಗೆ ಬೇಕು. ಬ್ಯಾಟರಿಗೆ ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್, ಪಲಕಕ್ಕೆ ವಾರಕ್ಕೊಮ್ಮೆ ಒದ್ದೆ ಬಟ್ಟೆ, ಟರ್ಮಿನಲ್ಲಿಗೆ ಆಗಾಗ ಒಂದಿಷ್ಟು ಗ್ರೀಸು, ಗುಡುಗು ಮಿಂಚಿನ ದಿನ ತಂತಿಯಿಂದ ಪೆಟ್ಟಿಗೆಯನ್ನು ಬಿಡಿಸಿಡುವುದು. ಇಷ್ಟನ್ನು ಮಾಡಿದ ಬೇಲಿ ಬಹುಕಾಲ ಬಾಳುತ್ತದೆ.

ಆನೆಯೂ ಕಲಿಯುತ್ತದೆ. ದಂತಕ್ಕೆ ವಿದ್ಯುತ್ ತಾಗದೆಂದು ಕಂಡುಕೊಂಡ ಸಲಗ ದಂತದಿಂದಲೇ ತಂತಿ ಎತ್ತುತ್ತದೆ, ಮರ ತಳ್ಳಿ ಬೇಲಿಯ ಮೇಲೆ ಕೆಡವುತ್ತದೆ, ಮರದ ಕಂಬವನ್ನು ಕಾಲಿನಿಂದ ಒದೆಯುತ್ತದೆ. ಇದಕ್ಕೆಂದೇ ಮೇಲಿನಿಂದ ತಂತಿಗಳನ್ನು ಇಳಿಬಿಡುವ ತೂಗುಬೇಲಿ ಬಂದಿದೆ. ಕಂಬ ಒಳಗಡೆ ದೂರದಲ್ಲಿ, ತೂಗಾಡುವ ಎಳೆಗಳು ಹೊರಗಡೆ, ಹಿಡಿದು ಮುರಿಯಲು ಗಟ್ಟಿ ವಸ್ತುವೇ ಸಿಗದು. ಆನೆ ಕಂದಕ, ರೈಲ್ವೆ ಹಳಿಯ ತಡೆಗೋಡೆಗಳು ಅರಣ್ಯ ಇಲಾಖೆಯ ಕೆಲಸ, ಒಬ್ಬ ರೈತನ ಕೈಗೆ ನಿಲುಕುವಂಥವಲ್ಲ. ಆದರೂ ಕಂದಕದ ಬದಿ ಕುಸಿದ ಜಾಗವನ್ನು ಮೊದಲು ನೋಡುವವನು ಪಕ್ಕದ ಹೊಲದವನೇ, ಮಳೆಗಾಲ ಮುಗಿದ ಕೂಡಲೇ ಅದನ್ನು ವಲಯ ಕಚೇರಿಗೆ ತಿಳಿಸಬೇಕು. ದನ ದಾಟಿಸಲೆಂದು ಕಂದಕಕ್ಕೆ ಮಣ್ಣು ತುಂಬಿ ಮಾಡಿಕೊಂಡ ದಾರಿಯಲ್ಲಿಯೇ ರಾತ್ರಿ ಆನೆ ಬರುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಒಬ್ಬೊಬ್ಬರ ಹೊಲಕ್ಕೆ ಒಂದೊಂದು ಬೇಲಿಗಿಂತ ಹತ್ತು ಮನೆಯವರು ಸೇರಿ ಕಾಡಿನ ಕಡೆಗೆ ಒಂದೇ ಸಾಲು ಹಾಕಿ, ಸರದಿಯಲ್ಲಿ ಹುಲ್ಲು ಸವರಿದರೆ ಖರ್ಚೂ ಕಡಿಮೆ, ಬೇಲಿಯೂ ಜೀವಂತ. ಒಂಟಿ ಬೇಲಿ ಆನೆಯನ್ನು ಪಕ್ಕದವನ ಹೊಲಕ್ಕೆ ತಿರುಗಿಸುತ್ತದೆ ಅಷ್ಟೆ.

ಬೇಲಿಯ ಹಿಂದೆ ಅಟ್ಟಣೆ. ಅದನ್ನು ಕಟ್ಟುವ ಮರ ದಪ್ಪ ಬೇರಿನದಾಗಿರಬೇಕು, ಹಲಗೆ ಇಪ್ಪತ್ತು ಅಡಿಗೆ ಕಡಿಮೆ ಎತ್ತರದಲ್ಲಿರಬಾರದು. ನಿಂತ ಆನೆಯ ಸೊಂಡಿಲು ನೆಲದಿಂದ ಹದಿನಾರು, ಹದಿನೇಳು ಅಡಿಯವರೆಗೆ ಎಟುಕಬಲ್ಲದು. ಹಲಸಿನ ಮರದಲ್ಲಿ ಅಟ್ಟಣೆ ಕಟ್ಟುವುದು ಆನೆಯನ್ನು ಊಟಕ್ಕೆ ಕರೆದು ಮೇಲೆ ಕೂತಂತೆ. ಕಾವಲಿಗೆ ಇಬ್ಬರಿರಬೇಕು, ಒಬ್ಬರು ಮಲಗಿದರೆ ಒಬ್ಬರು ಎಚ್ಚರ. ಕುಡಿದು ಅಟ್ಟಣೆ ಏರಿದವರು ಇಳಿಯುವಾಗ ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ, ಕುಡಿದ ಧೈರ್ಯದಲ್ಲಿ ಆನೆಯ ಎದುರಿಗೆ ಇಳಿದುಹೋಗುತ್ತಾರೆ. ಹಳಬರು ಹೊಲದ ಸುತ್ತ ದಾರ ಕಟ್ಟಿ ಅದಕ್ಕೆ ತಗಡಿನ ಡಬ್ಬ, ಗಂಟೆ ತೂಗುಹಾಕುತ್ತಿದ್ದರು. ಇಂದಿಗೂ ಅಷ್ಟು ಅಗ್ಗದ, ಕರೆಂಟಿನ ಹಂಗಿಲ್ಲದ ಎಚ್ಚರಿಕೆಯ ಸಾಧನ ಇನ್ನೊಂದಿಲ್ಲ. ಹೊಲದಿಂದ ಐವತ್ತು ಅರವತ್ತು ಮಾರು ಮುಂದೆ ಅದನ್ನು ಕಟ್ಟಿದರೆ ಆನೆ ತೆನೆ ಮುಟ್ಟುವ ಮೊದಲೇ ಸದ್ದಾಗುತ್ತದೆ. ತೆನೆಯ ರುಚಿ ಹತ್ತಿದ ಆನೆಯನ್ನು ಎಬ್ಬಿಸುವುದಕ್ಕಿಂತ ಅಂಚಿನಲ್ಲಿ ಅನುಮಾನಿಸುತ್ತ ನಿಂತದ್ದನ್ನು ಹಿಂತಿರುಗಿಸುವುದು ಎಷ್ಟೋ ಸುಲಭ.

ತಮಟೆ, ಪಟಾಕಿ, ಟಾರ್ಚು ಎಲ್ಲವೂ ಕೆಲವು ದಿನ ನಡೆಯುತ್ತವೆ. ದಿನವೂ ಒಂದೇ ಹೊತ್ತಿಗೆ ಒಂದೇ ಸದ್ದು ಕೇಳಿದರೆ ಆನೆಗೆ ಅದು ರೂಢಿಯಾಗುತ್ತದೆ, ಹಾಗಾಗಿ ಬದಲಿಸುತ್ತಿರಬೇಕು. ಒಣ ಮೆಣಸಿನಕಾಯನ್ನು ಬೆರಣಿಯ ಜೊತೆ ಹೊಗೆಯಾಡಿಸುವುದು ಆಫ್ರಿಕಾದಲ್ಲೂ ಇಲ್ಲೂ ಬಳಕೆಯಲ್ಲಿದೆ. ಗಾಳಿ ಕಾಡಿನ ಕಡೆಗೆ ಬೀಸುತ್ತಿದ್ದಾಗ ಮಾತ್ರ ಅದರಿಂದ ಪ್ರಯೋಜನ. ಆನೆಯ ಓಟ ಗಂಟೆಗೆ 20 ಕಿಲೋಮೀಟರಿಗೂ ಮೀರಿದ್ದು, ಗದ್ದೆ ಬದುವಿನ ಮೇಲೆ ಮನುಷ್ಯನಿಂದ ಆಗದ ಓಟ. ಓಡಿಸಲು ಹೋಗುವವರು ಗುಂಪಿನಲ್ಲಿರಬೇಕು, ಅದು ಹಿಂತಿರುಗುವ ದಾರಿಯನ್ನು ತೆರೆದಿಟ್ಟು ನಿಲ್ಲಬೇಕು. ನಾಲ್ಕೂ ಕಡೆಯಿಂದ ಕೂಗಿ ಸುತ್ತುವರಿದರೆ ಹೆದರಿದ ಆನೆ ಯಾರಾದರೊಬ್ಬರ ಮೇಲೆಯೇ ನುಗ್ಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು ಮೊದಲ ಕೆಲಸವಾಗಬೇಕು, ಎಲ್ಲ ಮುಗಿದ ಮೇಲಿನದ್ದಲ್ಲ.

ಡಿಸೆಂಬರ್, ಜನವರಿಯ ರಾತ್ರಿ ಈ ಸೀಮೆಯಲ್ಲೂ ಮೈ ನಡುಗಿಸುತ್ತದೆ. ಅಟ್ಟಣೆಯ ಕೆಳಗಿನ ಬೆಂಕಿ ಚಳಿ ಕಾಯಿಸುತ್ತದೆ, ಪ್ರಾಣಿಯನ್ನೂ ದೂರವಿಡುತ್ತದೆ. ಆದರೆ ಅದು ಅಟ್ಟಣೆಯ ನೇರ ಕೆಳಗಿರದೆ ಏಳೆಂಟು ಮಾರು ಆಚೆ, ಸುತ್ತ ಹುಲ್ಲು ಕೆತ್ತಿದ ಗುಂಡಿಯಲ್ಲಿರಬೇಕು. ಮೇಲಿನ ಹುಲ್ಲು ಹೊದಿಕೆಗೆ ಒಂದು ಕಿಡಿ ಸಾಕು, ಕಾಡಿಗೂ ಒಂದು ಕಿಡಿ ಸಾಕು. ಬೆಳಗಾಗುತ್ತಲೇ ನೀರು ಹಾಕಿ ಮಣ್ಣು ಮುಚ್ಚಿ ಬರಬೇಕು. ಹೊಲದ ಗುಡಿಸಲಿನಲ್ಲಿ ಬಾಗಿಲು ಮುಚ್ಚಿ ಬಾಣಲೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವ ರೂಢಿ ಬಹಳ ಅಪಾಯದ್ದು. ಹೊಗೆಯಿಲ್ಲದ ಕೆಂಡದಿಂದಲೇ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ತಲೆನೋವು, ಮಂಪರು, ಆಮೇಲೆ ಏಳದ ನಿದ್ದೆ. ಕೆಂಡದಲ್ಲಿ ಮೈ ಕಾಯಿಸಿಕೊಂಡು, ಅದನ್ನು ಹೊರಗಿಟ್ಟು, ಕಂಬಳಿ ಹೊದ್ದು ಮಲಗಬೇಕು. ಕೆಂಡದ ಹತ್ತಿರ ಕಲ್ಲುಗಳನ್ನಿಟ್ಟು ಕಾಯಿಸಿ, ಬಿಸಿ ಹದವಾದ ಮೇಲೆ ಗೋಣಿಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಂಡರೂ ಚಳಿ ತಡೆಯಬಹುದು. ಹಳ್ಳದ ನುಣುಪು ಕಲ್ಲಿನೊಳಗೆ ನೀರಿನ ಪಸೆ ಇದ್ದು ಸಿಡಿಯುವುದರಿಂದ ಒಣ ಕಲ್ಲನ್ನೇ ಆರಿಸಬೇಕು.

ಮನೆಯ ಒಲೆಗೂ ಕಾವಲಿಗೂ ಸಂಬಂಧವಿದೆ. ಸೌದೆಗೆಂದು ನಸುಕಿನಲ್ಲಿ ಪೊದೆಗೆ ಹೋದ ಹೆಂಗಸರು ಲಂಟಾನದ ಮರೆಯಲ್ಲಿ ನಿಂತ ಆನೆಗೆ ಎದುರಾಗುವುದು ಇಲ್ಲಿನ ದೊಡ್ಡ ಭಯ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲಿನ ಆಸುಪಾಸು ಮಾತ್ರ ಪಾತ್ರೆಗೆ ಸೇರುತ್ತದೆ, ಉಳಿದದ್ದು ಗೋಡೆಗೆ, ಗಾಳಿಗೆ, ಅಡುಗೆ ಮಾಡುವವರ ಕಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳ್ತನದಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆ ಈ ಸೋರಿಕೆಯನ್ನು ಕಟ್ಟಿಹಾಕಿತು. ಉರಿ ಮುಚ್ಚಿದ ಗೂಡಿನಲ್ಲಿ, ಸೌದೆ ಕಬ್ಬಿಣದ ಜಾಲರಿಯ ಮೇಲೆ, ಬಿಸಿಗಾಳಿ ಒಂದರ ನಂತರ ಒಂದು ಪಾತ್ರೆಯ ತಳ ಸವರಿಕೊಂಡು ಕೊನೆಗೆ ಚಿಮಣಿಯಿಂದ ಹೊರಗೆ. ಸೌದೆ ಸುಮಾರು ಅರ್ಧಕ್ಕೆ ಇಳಿಯುವ ಈ ಒಲೆ ಹಲವು ಮನೆಗಳಲ್ಲಿ ಸೋತದ್ದು ಸಣ್ಣ ಕಾರಣಗಳಿಗೆ: ಪಾತ್ರೆಯ ಅಳತೆಗೆ ತಕ್ಕಂತೆ ಬಾಯಿ ಕಟ್ಟಲಿಲ್ಲ, ಚಿಮಣಿಯ ಮಸಿ ತೆಗೆಯಲಿಲ್ಲ, ದಪ್ಪ ಹಸಿ ಸೌದೆ ತುರುಕಿದರು. ಹೆಬ್ಬೆರಳು ಗಾತ್ರಕ್ಕೆ ಸೀಳಿದ ಒಣ ಸೌದೆ, ತಿಂಗಳಿಗೊಮ್ಮೆ ಚಿಮಣಿ ಗುಡಿಸುವುದು, ಪಾತ್ರೆ ಬಾಯಿಗೆ ಸರಿಯಾಗಿ ಕೂರುವುದು, ಈ ಮೂರನ್ನು ಪಾಲಿಸಿದರೆ ಒಲೆ ಹೇಳಿದ ಕೆಲಸ ಮಾಡುತ್ತದೆ. ಸೌದೆ ಹೆಚ್ಚು ತಿನ್ನುವುದು ಬಚ್ಚಲ ಹಂಡೆ. ಅದರ ಸುತ್ತ ಇಟ್ಟಿಗೆ, ಮಣ್ಣಿನ ಗೂಡು ಕಟ್ಟಿ, ಮೇಲೆ ಮುಚ್ಚಳ ಹಾಕಿದರೆ ಸಾಕಷ್ಟು ಉಳಿಯುತ್ತದೆ. ಬೇಲಿಯ ಪಕ್ಕದಿಂದ ಕಡಿದ ಲಂಟಾನವನ್ನೇ ಒಣಗಿಸಿ ಇಲ್ಲಿಗೆ ಬಳಸಬಹುದು. ಬೇಗ ಉರಿದುಹೋಗುವುದರಿಂದ ಅನ್ನದ ಒಲೆಗಿಂತ ಹಂಡೆಗೇ ಅದು ಸರಿ. ನಾಲ್ಕೈದು ದನ ಇರುವ ಮನೆಗೆ ಗೋಬರ್ ಗ್ಯಾಸು ಇನ್ನೂ ಮೇಲು. 2 ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು.

ದನದ ಕೊಟ್ಟಿಗೆಗೆ ಮಾಡಬೇಕಾದದ್ದು ಬಹಳವಿಲ್ಲ, ಆದರೆ ಮಾಡದಿದ್ದರೆ ನಷ್ಟ ದೊಡ್ಡದು. ಚಿರತೆ ಗೋಡೆ ಏರುತ್ತದೆ, ಹಾಗಾಗಿ ಮೇಲೂ ಮುಚ್ಚಿರಬೇಕು. ಕುರಿ, ಮೇಕೆ, ಕರುಗಳ ದೊಡ್ಡಿಗೆ ಗಟ್ಟಿ ಜಾಲರಿಯ ಮಾಡು, ಒಳಗೆ ತಳ್ಳಿದರೆ ತೆರೆಯದ ಬಾಗಿಲು, ಸುತ್ತ ಹತ್ತು ಮಾರು ಪೊದೆ ಸವರಿದ ಬಯಲು ಇದ್ದರೆ ಬಹುಪಾಲು ಕಾಟ ನಿಲ್ಲುತ್ತದೆ. ದನ ಕಳೆದುಕೊಂಡ ಸಿಟ್ಟಿನಲ್ಲಿ ಹೆಣಕ್ಕೆ ವಿಷ ಹಾಕುವುದು ಈ ತಾಲ್ಲೂಕಿಗೆ ಮಾಸದ ಗಾಯ ಮಾಡಿದೆ. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷವಿಕ್ಕಿದ ಹಸುವಿನ ಮಾಂಸ ತಿಂದು ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತವು. ಆ ವಿಷ ನಾಯಿಗೂ ಹದ್ದಿಗೂ ಹಳ್ಳದ ನೀರಿಗೂ ಹೋಗುವಂಥದ್ದು. ಸತ್ತ ದನವನ್ನು ಮುಟ್ಟದೆ ಅರಣ್ಯ ಸಿಬ್ಬಂದಿಗೆ ತೋರಿಸಿದರೆ ಪರಿಹಾರ ಸಿಗುತ್ತದೆ. ವಿಷ ಹಾಕಿದವರಿಗೆ ದನವೂ ಹೋಗುತ್ತದೆ, ಪರಿಹಾರವೂ ಹೋಗುತ್ತದೆ, ಜೈಲು ಸಿಗುತ್ತದೆ.

ಇನ್ನು ಬಂದೂಕು. ಈ ಸೀಮೆಯಲ್ಲಿ ಅದರ ಹೆಸರೆತ್ತಿದರೆ ಹಳೆಯ ನೆನಪುಗಳೂ ಏಳುತ್ತವೆ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದು ಆಯುಧಗಳನ್ನು ಒಯ್ದಿತ್ತು. ಅಂಥ ಕಾಲ ಕಂಡ ಊರುಗಳಲ್ಲಿ ಪೊಲೀಸರು ಒಂದೊಂದು ನಳಿಗೆಯ ಲೆಕ್ಕವನ್ನೂ ಕೇಳುವುದು ಸಹಜ. ಶಸ್ತ್ರಾಸ್ತ್ರ ಕಾಯ್ದೆ 1959ರ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ನಾಡಕೋವಿಯನ್ನು. ಅದು ಸಾಲದೆಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಒಳಗೆ ನಯವಾದ ನಳಿಗೆಯ ಬೇರೆ ಬಂದೂಕು. ರೈಫಲ್ಲಿಗೆ ಬೆಳೆ ಕಾವಲಿನಲ್ಲಿ ಜಾಗವಿಲ್ಲ, ಅದಕ್ಕೆ ತಕ್ಕ ಕಾರಣವೂ ಇದೆ. ಹನ್ನೆರಡು ಬೋರಿನ ಚರೆಗಳ ಹೊಡೆತ ಐವತ್ತು ಗಜ ದಾಟುವಷ್ಟರಲ್ಲಿ ಚದುರಿ ಕುಗ್ಗುತ್ತದೆ. ಸಣ್ಣ .22 ರೈಫಲ್ಲಿನ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಿ ಪ್ರಾಣ ತೆಗೆಯಬಲ್ಲದು, ಕತ್ತಲಲ್ಲಿ ಅದು ಎಲ್ಲಿ ಹೋಗಿ ಬಿತ್ತೆಂದು ಹೊಡೆದವನಿಗೆ ತಿಳಿಯದು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಪರವಾನಗಿಯ ಅವಧಿ 5 ವರ್ಷ.

ಅಜ್ಜೀಪುರದಂಥ ಊರಿಗೆ ಇನ್ನೊಂದು ನಿಯಮ ಮುಖ್ಯ, ಅದನ್ನು ಅರಿತವರು ವಿರಳ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 34ನೇ ಸೆಕ್ಷನ್ ಪ್ರಕಾರ ವನ್ಯಧಾಮದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಿರಬೇಕು. ಅಲ್ಲಿ ಹೊಸ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಮುಂಗಡ ಒಪ್ಪಿಗೆ ಬೇಕು. ಬಂದೂಕು ಹಿಡಿದು ವನ್ಯಧಾಮದ ಗಡಿ ದಾಟಲು ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಯ ಪರವಾನಗಿ ಎಂದರೆ ಬೇಟೆಯ ಪರವಾನಗಿಯಲ್ಲ. ಸದ್ದು ಮಾಡಿ ಓಡಿಸಬಹುದು. ಹಂದಿಯನ್ನಾದರೂ ಕೊಲ್ಲಲು 11ನೇ ಸೆಕ್ಷನ್ನಿನಡಿ ಅಧಿಕಾರಿಯ ಆದೇಶ ಬೇಕು. ಮೈಮೇಲೆ ಬಿದ್ದ ಪ್ರಾಣಿಯಿಂದ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅದೇ ಸೆಕ್ಷನ್ ಅದನ್ನು ಅಪರಾಧವೆನ್ನುವುದಿಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಆಸ್ತಿ.

ಸದ್ದಿಗೆಂದೇ ಹೊಡೆಯುವಾಗ ಚರೆ, ಗುಂಡು ಇಲ್ಲದೆ ಮದ್ದು ಮಾತ್ರ ತುಂಬಬೇಕು. ಆಗಲೂ ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು, ಒಳಗೆ ತುರುಕಿದ ನಾರು, ಬಟ್ಟೆಯ ಉಂಡೆಯೇ ಹತ್ತಿರದವರನ್ನು ಗಾಯಗೊಳಿಸುತ್ತದೆ. ಗುಂಡು ತುಂಬಿ ಆಕಾಶಕ್ಕೆ ಹೊಡೆದರೆ ಅದು ಯಾವುದೋ ಮಾಡಿನ ಮೇಲೆ ಇಳಿಯುತ್ತದೆ. ಮದುವೆ, ಜಾತ್ರೆಯಲ್ಲಿ ಹಾಗೆ ಹೊಡೆದು ಪ್ರಾಣಕ್ಕೆ ಅಪಾಯ ತಂದವರಿಗೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ನಾಡಕೋವಿಯ ಅಪಘಾತಗಳು ಹಲವು ಸಲ ತುಂಬುವಾಗಲೇ ಆಗುತ್ತವೆ. ತುಂಬುವವರ ಮುಖ, ಅಂಗೈ ನಳಿಗೆಯ ಬಾಯಿಗೆ ನೇರವಾಗಿ ಬರಬಾರದು. ಕೇಪು ಹಾಕುವುದು ಎಲ್ಲಕ್ಕಿಂತ ಕೊನೆಗೆ, ಹೊಡೆಯಬೇಕಾದ ಜಾಗದಲ್ಲಿ ನಿಂತ ಮೇಲೆ. ತುಂಬಿದ್ದನ್ನು ಮರೆತು ಮತ್ತೆ ತುಂಬಿದರೆ ನಳಿಗೆ ಸಿಡಿಯಬಹುದು; ಮದ್ದು ತುರುಕುವ ಗಜವನ್ನು ಖಾಲಿ ನಳಿಗೆಯಲ್ಲಿ ಇಳಿಸಿ, ಬಾಯಿಯ ಮಟ್ಟಕ್ಕೆ ಅದರ ಮೇಲೆ ಒಂದು ಗೆರೆ ಕೊರೆದಿಟ್ಟರೆ ಒಳಗೆ ಮದ್ದಿದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಕೇಪು ಸಿಡಿದೂ ಗುಂಡು ಹಾರದಿದ್ದರೆ ಬಾಯೊಳಗೆ ಇಣುಕುವುದು ಸಾವನ್ನು ಕರೆದಂತೆ. ಕಿಡಿ ಒಳಗೆ ಕುಳಿತಿರಬಹುದು, ಒಂದೆರಡು ನಿಮಿಷ ನಳಿಗೆಯನ್ನು ಖಾಲಿ ನೆಲದ ಕಡೆಗೆ ಹಿಡಿದು ಕಾಯಬೇಕು. ಕರಿಮದ್ದಿನ ಜಾಗದಲ್ಲಿ ತೋಟೆ ಬಿಚ್ಚಿ ತೆಗೆದ ಹೊಗೆರಹಿತ ಮದ್ದನ್ನು ಹಾಕಲೇಬಾರದು, ಅದರ ಒತ್ತಡವನ್ನು ಹಳೆಯ ನಳಿಗೆ ತಡೆಯದು. ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಒಂದೆರಡು ದಿನಕ್ಕೇ ತುಕ್ಕು ಹಿಡಿಸುತ್ತದೆ. ಮನೆಯಲ್ಲಿ ಬಂದೂಕು ಖಾಲಿ, ಬೀಗದೊಳಗೆ. ಮದ್ದು, ತೋಟೆ ಇನ್ನೊಂದು ಬೀಗದೊಳಗೆ, ಒಲೆಯಿಂದ ದೂರ. ತೊಲೆಗೆ ತೂಗುಹಾಕಿದ ತುಂಬಿದ ಕೋವಿ ಮಕ್ಕಳಿರುವ ಮನೆಯಲ್ಲಿ ಇರಲೇಬಾರದು.

ಗುರಿ ಕಲಿಯಬೇಕೆಂಬ ಆಸೆ ಒಳ್ಳೆಯದು, ಅದಕ್ಕೆ ಹೊಲ ತಕ್ಕ ಜಾಗವಲ್ಲ. ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಚಾರಿಸಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಗೆ ಸುರಕ್ಷಿತ ಬಳಕೆಯ ತರಬೇತಿಯನ್ನೂ ಕೇಳುತ್ತವೆ. ರೈಫಲ್ ಶೂಟಿಂಗನ್ನೇ ಕ್ರೀಡೆಯಾಗಿ ಹಿಡಿಯುವ ಹುಡುಗ, ಹುಡುಗಿಯರಿಗೆ ದಾರಿ 10 ಮೀಟರಿನ ಏರ್ ರೈಫಲ್ಲಿನಿಂದ ಶುರು. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಬೆರಳಿನ ತುದಿಯಿಂದ ಟ್ರಿಗರನ್ನು ನಿಧಾನಕ್ಕೆ ಒತ್ತಿ, ಗುಂಡು ಹಾರಿದ ಮೇಲೂ ಒಂದು ಕ್ಷಣ ಗುರಿ ಬಿಡದೆ ನಿಲ್ಲುವುದು ಮೊದಲ ಪಾಠ. .22 ರೈಫಲ್ಲಿನ ಪರವಾನಗಿಯನ್ನು ಕಾಯ್ದೆಯ ಅದೇ 13ನೇ ಸೆಕ್ಷನ್ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆಂದು ಹೆಸರಿಸುತ್ತದೆ.

ಎಲ್ಲ ಕಾವಲಿನ ನಡುವೆಯೂ ಒಂದು ರಾತ್ರಿ ಬೆಳೆ ಹೋಗಬಹುದು. ಮರುದಿನ ಬೆಳಿಗ್ಗೆ ಮುರಿದ ಬಾಳೆಯನ್ನು ಕಡಿದು ಎಸೆಯುವ, ತುಳಿದ ಸಾಲನ್ನು ಸರಿಮಾಡುವ ಮೊದಲು ಹೆಜ್ಜೆಗುರುತು, ಲದ್ದಿ, ಮುರಿದ ಬೇಲಿಗಳ ಫೋಟೋ ತೆಗೆಯಬೇಕು. ಹೊಲದ ಗುರುತು ಸಿಗುವಂತೆ ಬಾವಿ, ಬಂಡೆ, ಗುಡಿ ಯಾವುದಾದರೊಂದು ಚಿತ್ರದಲ್ಲಿರಲಿ. ವಲಯ ಕಚೇರಿಗೆ ಅಂದೇ ತಿಳಿಸಿ, ಸಿಬ್ಬಂದಿ ಬಂದು ಮಹಜರು ಮಾಡುವವರೆಗೆ ಹೊಲವನ್ನು ಹಾಗೆಯೇ ಬಿಡಬೇಕು. ಅರ್ಜಿಯ ಜೊತೆಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಬೇಕು. ಪಹಣಿ ಇನ್ನೂ ತಂದೆ, ತಾತನ ಹೆಸರಿನಲ್ಲಿದ್ದರೆ ಹಣ ಬರುವುದು ಅಲ್ಲಿಯೇ ನಿಲ್ಲುತ್ತದೆ. ಪೌತಿ ಖಾತೆ ಮಾಡಿಸುವ ಕೆಲಸವನ್ನು ಬಿತ್ತನೆಗೆ ಮುಂಚೆ, ಆನೆ ಬರುವ ಕಾಲಕ್ಕೆ ಬಹಳ ಮೊದಲೇ ಮುಗಿಸಿಟ್ಟುಕೊಳ್ಳಬೇಕು.